ತಾರಸಿ ಮೇಲೆ ಸೋಲಾರ್ ಇದ್ರೂ ಕರೆಂಟ್ ಹೋದಾಗ ಅಂಗಡಿ ಕತ್ತಲೆ ಯಾಕೆ? ಬ್ಯಾಟರಿ ಲೆಕ್ಕ ಇಲ್ಲಿದೆ

ತುಮಕೂರು: ನಿರ್ವಹಣಾ ಕಾಮಗಾರಿ ಪ್ರಯುಕ್ತ ಬೆಳಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯ. ಜಿಲ್ಲೆಯ ಯಾವುದೇ ತಾಲ್ಲೂಕಿನವರು ಆಗಾಗ ಓದೋ ಸುದ್ದಿ ಇದು. ಓದಿದ ತಕ್ಷಣ ಬೇಕರಿಯವರು ಫ್ರಿಜ್ಜಿನ ಕೇಕ್ ಬಗ್ಗೆ ಯೋಚನೆ ಮಾಡ್ತಾರೆ, ಜೆರಾಕ್ಸ್ ಅಂಗಡಿಯವರು ಇವತ್ತಿನ ವ್ಯಾಪಾರ ಮುಗೀತು ಅಂದ್ಕೋತಾರೆ, ಮೆಡಿಕಲ್ ಸ್ಟೋರ್‌ನವರು ಇನ್ಸುಲಿನ್ ಇಟ್ಟಿರೋ ಫ್ರಿಜ್ ಬಾಗಿಲು ಪದೇ ಪದೇ ತೆಗೀಬೇಡ ಅಂತ ಹುಡುಗನಿಗೆ ಹೇಳ್ತಾರೆ. ತಾರಸಿ ಮೇಲೆ ಸೋಲಾರ್ ಹಾಕಿಸಿದವರು ಮಾತ್ರ ನಮಗೇನು ಚಿಂತೆ ಅಂತ ಕೂತಿರ್ತಾರೆ. ಹತ್ತು ಗಂಟೆಗೆ ಸರಿಯಾಗಿ ಅವರ ಅಂಗಡಿಯೂ ಕತ್ತಲೆ.

ಮೇಲೆ ನೋಡಿದರೆ ರಣ ಬಿಸಿಲು, ಮೂರು ಕಿಲೋವ್ಯಾಟ್ ಪ್ಯಾನೆಲ್ ಫಳಫಳ ಹೊಳೀತಿದೆ. ಕೆಳಗೆ ಒಂದು ಬಲ್ಬ್ ಕೂಡ ಉರೀತಿಲ್ಲ. ಮೋಸ ಹೋದ್ವಿ ಅಂತ ಸೋಲಾರ್ ಹಾಕಿದವನಿಗೆ ಫೋನ್ ಮಾಡಿ ಬೈಯೋರು ಬಹಳ ಜನ. ಹಾಕಿದವನು ಮೋಸ ಮಾಡಿಲ್ಲ. ಹಾಕೋ ಮುಂಚೆ ಹೇಳಬೇಕಾದ ಒಂದು ಮಾತು ಹೇಳಿಲ್ಲ, ಅಷ್ಟೇ.

ಲೈನ್‌ಮ್ಯಾನ್ ಪ್ರಾಣದ ಪ್ರಶ್ನೆ

ಸಬ್ಸಿಡಿಯಲ್ಲಿ ಹಾಕಿಸೋ ಸೋಲಾರ್‌ನಲ್ಲಿ ಹೆಚ್ಚಿನವು ‘ಆನ್‌ಗ್ರಿಡ್’. ಅಂದ್ರೆ ಬ್ಯಾಟರಿ ಇಲ್ಲ. ಪ್ಯಾನೆಲ್‌ನಿಂದ ಬರೋ ಡಿಸಿ ಕರೆಂಟನ್ನು ಇನ್ವರ್ಟರ್ ಎಸಿ ಮಾಡಿ ಬೆಸ್ಕಾಂ ಲೈನಿನ ಜೊತೆ ಸೇರಿಸುತ್ತೆ. ಹೀಗೆ ಸೇರಿಸಬೇಕಾದರೆ ಲೈನಿನಲ್ಲಿ ಮೊದಲು ಕರೆಂಟ್ ಇರಬೇಕು. ಭಜನೆಯಲ್ಲಿ ತಾಳ ಹಾಕೋರು ಮುಂದಿನವರ ತಾಳ ಕೇಳಿಸಿಕೊಂಡು ಹಾಕಿದ ಹಾಗೆ, ಈ ಇನ್ವರ್ಟರ್ ಬೆಸ್ಕಾಂ ಲೈನಿನ ವೋಲ್ಟೇಜ್ ನೋಡಿಕೊಂಡು ಅದರ ತಾಳಕ್ಕೆ ಹೆಜ್ಜೆ ಹಾಕುತ್ತೆ. ಆ ಕಡೆ ತಾಳ ನಿಂತರೆ ಇದೂ ನಿಲ್ಲುತ್ತೆ. ಅದೂ ಎರಡು ಸೆಕೆಂಡಿನೊಳಗೆ.

ಹೀಗೆ ನಿಲ್ಲೋ ಹಾಗೆ ಬೇಕಂತಲೇ ಮಾಡಿರೋದು. ಲೈನ್ ಕ್ಲಿಯರ್ ತಗೊಂಡು ಕಂಬ ಹತ್ತಿದ ಲೈನ್‌ಮ್ಯಾನ್ ತಂತಿ ಸತ್ತಿದೆ ಅಂದುಕೊಂಡು ಕೈ ಇಟ್ಟಾಗ, ಯಾರದೋ ತಾರಸಿಯಿಂದ ಕರೆಂಟ್ ಹಿಂದಕ್ಕೆ ಹರಿದು ಬಂದರೆ ಗತಿ ಏನು? ಟಿಸಿ ಮೂಲಕ ಹಿಂದೆ ಹೋದರೆ ಅದೇ ಕರೆಂಟ್ 11 ಸಾವಿರ ವೋಲ್ಟ್ ಕೂಡ ಆಗಬಹುದು. ಹಾಗಾಗಿ ಆನ್‌ಗ್ರಿಡ್ ಇನ್ವರ್ಟರ್ ಅಂದ ಮೇಲೆ ಈ ತಡೆ ಇರಲೇಬೇಕು. ‘ಅಣ್ಣಾ, ಒಂದು ಸಣ್ಣ ವೈರ್ ತೆಗೆದ್ರೆ ಕರೆಂಟ್ ಹೋದಾಗಲೂ ಓಡುತ್ತೆ’ ಅಂತ ಯಾರಾದರೂ ಹೇಳಿದರೆ ಅವರನ್ನು ಅಂಗಡಿ ಮೆಟ್ಟಿಲಿಂದಲೇ ವಾಪಸ್ ಕಳಿಸೋದು ಒಳ್ಳೇದು.

ಇಲ್ಲಿ ಇನ್ನೊಂದು ನಷ್ಟ ಇದೆ, ಅದನ್ನು ಯಾರೂ ಲೆಕ್ಕ ಹಾಕೋಲ್ಲ. ಒಂದು ಕಿಲೋವ್ಯಾಟ್ ಪ್ಯಾನೆಲ್ ನಮ್ಮ ಕಡೆ ಬಿಸಿಲಿಗೆ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತೆ. ಮೂರು ಕಿಲೋವ್ಯಾಟ್ ಅಂದ್ರೆ 12 ಯೂನಿಟ್. ಇದರಲ್ಲಿ ಬಹುಪಾಲು ಬರೋದೇ ಬೆಳಗ್ಗೆ 10ರಿಂದ ಸಂಜೆ 4ರೊಳಗೆ. ಕಾಮಗಾರಿಗೆ ಕರೆಂಟ್ ತೆಗೆಯೋದೂ ಅದೇ ಹೊತ್ತಿಗೆ. ಹಾಗಾಗಿ ಆ ದಿನ ಅಂಗಡಿಗೂ ಕರೆಂಟ್ ಇಲ್ಲ, ಬಿಲ್‌ಗೂ ಉಳಿತಾಯ ಇಲ್ಲ.

ಮನೆಗೆ ಒಂದು ಲೆಕ್ಕ, ಅಂಗಡಿಗೆ ಇನ್ನೊಂದು

ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಶುರುವಾಯ್ತು. 2026–27ರವರೆಗೆ ಒಂದು ಕೋಟಿ ಮನೆಗಳಿಗೆ ಸೋಲಾರ್ ಹಾಕಿಸೋ ಗುರಿ. ಒಂದು ಕಿಲೋವ್ಯಾಟ್‌ಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಅಥವಾ ಅದಕ್ಕಿಂತ ಹೆಚ್ಚಿಗೆ ಹಾಕಿದರೆ 78 ಸಾವಿರ ರೂಪಾಯಿ ಸಬ್ಸಿಡಿ. ಯೋಜನೆ ರೂಪಿಸುವಾಗ ಸರ್ಕಾರ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 50 ಸಾವಿರ, ಮೂರನೇದಕ್ಕೆ 45 ಸಾವಿರ ಖರ್ಚು ಅಂತ ಲೆಕ್ಕ ಹಿಡಿದಿತ್ತು. ಅಂದ್ರೆ 3 ಕಿಲೋವ್ಯಾಟ್‌ಗೆ 1.45 ಲಕ್ಷ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ವಾಪಸ್ ಬರುತ್ತೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಕೊಟೇಶನ್ ತಗೊಳ್ಳುವಾಗ ಹಳೇ ತೆರಿಗೆ ಹಾಕಿದ್ದಾರಾ ಅಂತ ಒಮ್ಮೆ ನೋಡಿ.

ಸಬ್ಸಿಡಿ ದುಡ್ಡು ಮೊದಲೇ ಬರೋಲ್ಲ. ಪೂರ್ತಿ ಕೆಲಸ ಆಗಿ, ನೆಟ್ ಮೀಟರ್ ಕೂತು, ಪೋರ್ಟಲ್‌ನಲ್ಲಿ ಎಲ್ಲ ಮುಗಿದ ಮೇಲೆ ಬ್ಯಾಂಕ್ ಖಾತೆಗೆ ಬರೋದು. ಪ್ಯಾನೆಲ್ಲೂ ಅದರೊಳಗಿನ ಸೆಲ್ಲೂ ಭಾರತದಲ್ಲೇ ತಯಾರಾಗಿರಬೇಕು, ಇದಕ್ಕೆ ವ್ಯಾಪಾರದವರು ‘ಡಿಸಿಆರ್ ಪ್ಯಾನೆಲ್’ ಅಂತಾರೆ. ಕಡಿಮೆ ರೇಟಿಗೆ ಬೇರೆ ಪ್ಯಾನೆಲ್ ಹಾಕಿಸಿಕೊಂಡು ಆಮೇಲೆ ಸಬ್ಸಿಡಿ ಬರಲಿಲ್ಲ ಅಂದ್ರೆ ಪ್ರಯೋಜನ ಇಲ್ಲ.

ಆದರೆ ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ ಬರ್ತಿರೋ ಮನೆಯವರು ಸೋಲಾರ್‌ನಿಂದ ಉಳಿಸೋದು ಏನು ಅಂತ ಮೊದಲು ಯೋಚಿಸಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ, ಎಸಿ, ಗೀಸರ್, ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಂಗ್ ಇರೋ ಅಂಥ ಮನೆಗಳಿಗೆ ಇದು ನಿಜವಾಗಿ ಲಾಭ. ನೂರು ಯೂನಿಟ್ ಖರ್ಚಿನ ಮನೆಗೆ ‘ಫ್ರೀ ಕರೆಂಟ್ ಸಿಗುತ್ತೆ’ ಅಂತ ಸೋಲಾರ್ ಮಾರೋದು ಸರಿಯಾದ ವ್ಯಾಪಾರ ಅಲ್ಲ.

ಅಂಗಡಿಗಳ ಕಥೆ ಉಲ್ಟಾ. ಸೂರ್ಯ ಘರ್ ಸಬ್ಸಿಡಿ ಮನೆಗಳಿಗೆ ಮಾತ್ರ, ವಾಣಿಜ್ಯ ಮೀಟರ್‌ಗೆ ಇಲ್ಲ. ಗೃಹಜ್ಯೋತಿಯೂ ಇಲ್ಲ. ಆದರೆ ಪ್ರತಿ ಯೂನಿಟ್‌ಗೂ ಮನೆಗಿಂತ ಜಾಸ್ತಿ ರೇಟು ಕಟ್ಟೋರು ಅಂಗಡಿಯವರೇ, ಕರೆಂಟ್ ಖರ್ಚಾಗೋದೂ ಹಗಲು ಹೊತ್ತಿನಲ್ಲೇ. ಹಾಗಾಗಿ ಸಬ್ಸಿಡಿ ಇಲ್ಲದಿದ್ದರೂ ಲೆಕ್ಕ ಕೂಡುತ್ತೆ. ಮೂರು ಕಿಲೋವ್ಯಾಟ್ ತಿಂಗಳಿಗೆ ಸುಮಾರು 350 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೆ ತಿಂಗಳಿಗೆ 2,450 ರೂಪಾಯಿ. 1.45 ಲಕ್ಷ ಹಾಕಿದ್ದರೆ ಐದು ವರ್ಷಕ್ಕೆ ಅಸಲು ಬಂತು. ಪ್ಯಾನೆಲ್‌ಗೆ ಕಂಪನಿಗಳು 25 ವರ್ಷದ ಗ್ಯಾರಂಟಿ ಕೊಡ್ತವೆ. ನಿಮ್ಮ ಬಿಲ್‌ನಲ್ಲಿರೋ ರೇಟು ಹಾಕಿ ಈ ಲೆಕ್ಕ ನೀವೇ ಮಾಡಿ ನೋಡಿ. ಒಂದೇ ಷರತ್ತು, ಹಗಲು ಆಗೋ ಕರೆಂಟನ್ನು ನೀವೇ ಬಳಸಬೇಕು. ಉಳಿದು ಬೆಸ್ಕಾಂಗೆ ಹೋಗೋ ಯೂನಿಟ್‌ಗೆ ಸಿಗೋ ದರ ನೀವು ಕೊಳ್ಳೋ ದರಕ್ಕಿಂತ ಬಹಳ ಕಡಿಮೆ.

ನೆಟ್ ಮೀಟರ್ ಇದ್ದಾಗ ಒಂದು ಅರ್ಥದಲ್ಲಿ ಬೆಸ್ಕಾಂ ಲೈನೇ ನಿಮ್ಮ ಬ್ಯಾಟರಿ. ಹಗಲು ಕೊಟ್ಟಿದ್ದನ್ನು ರಾತ್ರಿ ವಾಪಸ್ ತಗೊಂಡ ಹಾಗೆ ಲೆಕ್ಕ. ಹಾಗಾದರೆ ಸ್ವಂತ ಬ್ಯಾಟರಿ ಯಾಕೆ? ಬಿಲ್ ಉಳಿಸೋಕಂತೂ ಅಲ್ಲ. ಕರೆಂಟ್ ಹೋದಾಗ ಅಂಗಡಿ ನಡೀಬೇಕು ಅನ್ನೋರಿಗೆ ಮಾತ್ರ ಅದು ಬೇಕು. ಇದನ್ನು ಬೇರೆ ಬೇರೆ ಮಾಡಿ ಹೇಳದೆ ಎರಡೂ ಒಟ್ಟಿಗೆ ಮಾರೋರು ಇದ್ದಾರೆ.

ಎಷ್ಟು ಬ್ಯಾಟರಿ ಬೇಕು?

ಒಂದು ಸಾಧಾರಣ ಮೆಡಿಕಲ್ ಸ್ಟೋರ್ ತಗೊಳ್ಳೋಣ. ಒಂಬತ್ತು ವ್ಯಾಟ್‌ನ ಆರು ಎಲ್‌ಇಡಿ ಬಲ್ಬ್, ಎರಡು ಹಳೇ ಫ್ಯಾನ್, ಬಿಲ್ಲಿಂಗ್ ಕಂಪ್ಯೂಟರ್ ಮತ್ತು ಪ್ರಿಂಟರ್, ಒಂದು ಫ್ರಿಜ್. ಎಲ್ಲ ಸೇರಿ ಸರಾಸರಿ 450 ವ್ಯಾಟ್. ನಾಲ್ಕು ಗಂಟೆ ನಡೆಸಬೇಕು ಅಂದ್ರೆ 1.8 ಯೂನಿಟ್.

ಎಲ್ಲರಿಗೂ ಗೊತ್ತಿರೋ 150 ಎಎಚ್ ಟ್ಯೂಬುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ ಇರೋದೂ ಅದೇ 1.8 ಯೂನಿಟ್. 12 ವೋಲ್ಟನ್ನು 150ರಿಂದ ಗುಣಿಸಿದರೆ ಗೊತ್ತಾಗುತ್ತೆ. ಆದರೆ ಅಷ್ಟನ್ನೂ ಹಿಂಡಿದರೆ ಬ್ಯಾಟರಿ ಬೇಗ ಸಾಯುತ್ತೆ. ಸೀಸದ ಬ್ಯಾಟರಿಯನ್ನು ಅರ್ಧದಷ್ಟು ಖಾಲಿ ಮಾಡಿ ನಿಲ್ಲಿಸಿದರೆ ಬಾಳಿಕೆ. ಹಾಗಾಗಿ ಈ ಅಂಗಡಿಗೆ ಅಂಥವು ಎರಡು ಬೇಕು, ಆಗಲೂ ಸಿಗೋದು ಮೂರೂವರೆ ಗಂಟೆ. ಡಿಸ್ಟಿಲ್ಡ್ ವಾಟರ್ ನೋಡ್ತಿರಬೇಕು, ಮೂರ್ನಾಲ್ಕು ವರ್ಷಕ್ಕೆ ಬದಲಾಯಿಸಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬರೋದರಿಂದ ಗಾಳಿಯಾಡೋ ಜಾಗದಲ್ಲಿಡಬೇಕು. ದೇವರ ಪಟದ ಕೆಳಗೆ, ದೀಪ ಊದುಬತ್ತಿ ಹಚ್ಚೋ ಮೂಲೆಯಲ್ಲಿ ಬ್ಯಾಟರಿ ಇಟ್ಟಿರೋ ಅಂಗಡಿಗಳಿವೆ. ದಯವಿಟ್ಟು ಜಾಗ ಬದಲಾಯಿಸಿ.

ಲಿಥಿಯಂನಲ್ಲಿ ಮನೆ, ಅಂಗಡಿಗೆ ಬರ್ತಿರೋದು ಹೆಚ್ಚಾಗಿ ಎಲ್‌ಎಫ್‌ಪಿ, ಅಂದ್ರೆ ಲಿಥಿಯಂ ಐರನ್ ಫಾಸ್ಫೇಟ್. ಮಾರ್ಕೆಟ್‌ನಲ್ಲಿ ಸಾಮಾನ್ಯವಾಗಿ ಸಿಗೋ ಪ್ಯಾಕ್ ಸುಮಾರು 5 ಯೂನಿಟ್‌ನದ್ದು. ಇದರಲ್ಲಿ ಶೇ 80ರಿಂದ 90ರಷ್ಟು ಬಳಸಬಹುದು. ಮೇಲಿನ ಮೆಡಿಕಲ್ ಸ್ಟೋರ್ ಇದರಲ್ಲಿ ಎಂಟು ಗಂಟೆ ಆರಾಮಾಗಿ ನಡೆಯುತ್ತೆ. ಸಾವಿರಾರು ಸಲ ಚಾರ್ಜ್ ಮಾಡಬಹುದು, ನೀರು ಹಾಕೋ ಕೆಲಸ ಇಲ್ಲ. ಕೊಳ್ಳುವಾಗಿನ ರೇಟು ಮಾತ್ರ ಜಾಸ್ತಿ. ಸೂರ್ಯ ಘರ್‌ನಲ್ಲೂ ಸಬ್ಸಿಡಿ ಲೆಕ್ಕ ಪ್ಯಾನೆಲ್ ಕಿಲೋವ್ಯಾಟ್ ಮೇಲೆ, ಬ್ಯಾಟರಿಗೆ ಬೇರೆ ದುಡ್ಡಿಲ್ಲ.

ಬ್ಯಾಟರಿ ಜೊತೆ ಇನ್ವರ್ಟರ್ ಕೂಡ ‘ಹೈಬ್ರಿಡ್’ ಆಗಿರಬೇಕು. ಕರೆಂಟ್ ಹೋದ ತಕ್ಷಣ ಇದು ಬೆಸ್ಕಾಂ ಲೈನಿನಿಂದ ತನ್ನನ್ನು ಪೂರ್ತಿ ಕಡಿದುಕೊಂಡು, ಒಳಗಿನ ವೈರಿಂಗ್‌ಗೆ ಮಾತ್ರ ಕರೆಂಟ್ ಕೊಡುತ್ತೆ. ಲೈನ್‌ಮ್ಯಾನ್ ಸೇಫ್, ಅಂಗಡಿಯೂ ನಡೆಯುತ್ತೆ. ಪ್ಯಾನೆಲ್ ಕೂಡ ಸುಮ್ಮನೆ ಕೂರೋಲ್ಲ, ಬ್ಯಾಟರಿ ತುಂಬಿಸ್ತಾನೇ ಇರುತ್ತೆ. ಈಗಾಗಲೇ ಬರೀ ಆನ್‌ಗ್ರಿಡ್ ಇನ್ವರ್ಟರ್ ಹಾಕಿಸಿದವರು ಆಮೇಲೆ ಬ್ಯಾಟರಿ ತಂದು ಅದಕ್ಕೇ ಸಿಕ್ಕಿಸೋಕೆ ಆಗೋಲ್ಲ. ಇನ್ವರ್ಟರ್ ಬದಲಾಯಿಸಬೇಕು ಅಥವಾ ಬೇರೆ ಯಂತ್ರ ಸೇರಿಸಬೇಕು. ಮುಂದೆ ಬ್ಯಾಟರಿ ಹಾಕೋ ಯೋಚನೆ ಇದ್ದರೆ ಮೊದಲ ದಿನವೇ ಹೈಬ್ರಿಡ್ ಕೇಳಿ.

ಇಷ್ಟೆಲ್ಲ ಖರ್ಚು ಆಗೋಲ್ಲ ಅನ್ನೋ ಸಣ್ಣ ಅಂಗಡಿಯವರಿಗೆ ಇನ್ನೊಂದು ದಾರಿ ಇದೆ. ಈಗಿರೋ ಯುಪಿಎಸ್ ಬ್ಯಾಟರಿಗೇ ಒಂದೆರಡು ಪ್ಯಾನೆಲ್ ಮತ್ತು ಸೋಲಾರ್ ಚಾರ್ಜ್ ಕಂಟ್ರೋಲರ್ ಸೇರಿಸೋದು. ಬೆಸ್ಕಾಂ ಲೈನಿಗೆ ಕರೆಂಟ್ ಕಳಿಸದ ಕಾರಣ ಇದಕ್ಕೆ ನೆಟ್ ಮೀಟರ್ ಬೇಡ. ಟೈಲರ್, ಮೊಬೈಲ್ ರಿಪೇರಿ, ಕಟಿಂಗ್ ಶಾಪ್‌ನವರಿಗೆ ಇದು ಸಾಕು. ಪೆಟ್ರೋಲ್ ಜನರೇಟರ್‌ಗಿಂತಲೂ ವಾಸಿ. ಸಣ್ಣ ಜನರೇಟರ್‌ನಲ್ಲಿ ಒಂದು ಲೀಟರ್‌ಗೆ ಎರಡು ಮೂರು ಯೂನಿಟ್ ಬಂದರೆ ಹೆಚ್ಚು. ಇವತ್ತಿನ ಪೆಟ್ರೋಲ್ ರೇಟಿಗೆ ಒಂದು ಯೂನಿಟ್ ಎಷ್ಟು ಬಿತ್ತು ನೋಡಿ.

ಹತ್ತು ಅಂಗಡಿಗೆ ಒಂದೇ ಬ್ಯಾಟರಿ ಆಗುತ್ತಾ?

ತಾಲ್ಲೂಕು ಕೇಂದ್ರಗಳ ಪೇಟೆಯಲ್ಲಿ ಅಂಗಡಿ ಇರೋ ಹೆಚ್ಚಿನವರು ಬಾಡಿಗೆದಾರರು. ಅಡ್ವಾನ್ಸ್ ಕೊಟ್ಟು ಕೆಳಗೆ ವ್ಯಾಪಾರ ಮಾಡ್ತಾರೆ, ತಾರಸಿ ಮಾಲೀಕರದ್ದು. ಒಂದು ಕಾಂಪ್ಲೆಕ್ಸ್‌ನಲ್ಲಿ ಹತ್ತು ಮಳಿಗೆ, ಹತ್ತು ಆರ್‌ಆರ್ ನಂಬರ್, ತಾರಸಿ ಒಂದೇ. ಒಬ್ಬೊಬ್ಬರೇ ಸೋಲಾರ್ ಹಾಕ್ತೀನಿ ಅಂದ್ರೆ ಜಾಗ ಸಾಲೋಲ್ಲ, ಒಂದು ಕಿಲೋವ್ಯಾಟ್‌ಗೆ ನೆರಳಿಲ್ಲದ ನೂರು ಚದರಡಿ ಬೇಕು. ನೀರಿನ ಟ್ಯಾಂಕ್, ಪಕ್ಕದ ಬಿಲ್ಡಿಂಗ್, ಮೊಬೈಲ್ ಟವರ್ ಎಲ್ಲ ತಪ್ಪಿಸಬೇಕು. ತಿಪಟೂರು ಕಡೆಯವರಿಗೆ ತೆಂಗಿನ ಗರಿ ನೆರಳೇ ದೊಡ್ಡ ತಲೆನೋವು. ಒಂದು ಪ್ಯಾನೆಲ್‌ನ ಮೂಲೆಗೆ ಗರಿಯ ನೆರಳು ಬಿದ್ದರೂ ಅದರ ಜೊತೆ ಸರಪಣಿಯಾಗಿ ಜೋಡಿಸಿರೋ ಪ್ಯಾನೆಲ್‌ಗಳ ಕರೆಂಟ್ ಕಮ್ಮಿಯಾಗಬಹುದು.

ಒಟ್ಟಿಗೆ ಹಾಕಿದರೆ ಲೆಕ್ಕ ಬದಲಾಗುತ್ತೆ. ಕಾರಣ ಸರಳ, ಹತ್ತೂ ಜನಕ್ಕೆ ಒಂದೇ ಹೊತ್ತಿಗೆ ಪೂರ್ತಿ ಲೋಡ್ ಬೇಕಾಗೋಲ್ಲ. ಹೊಲಿಗೆ ಮೆಷಿನ್ ನಿಂತಾಗ ಕಟಿಂಗ್ ಶಾಪ್‌ನಲ್ಲಿ ಟ್ರಿಮ್ಮರ್ ಓಡ್ತಿರುತ್ತೆ. ಪ್ರತಿ ಮಳಿಗೆಗೂ ಬ್ಯಾಕಪ್ ಲೈನಿನಲ್ಲಿ 300 ವ್ಯಾಟ್ ಮಿತಿ ಇಟ್ಟರೆ ಒಟ್ಟು 3 ಕಿಲೋವ್ಯಾಟ್ ಮೀರೋಲ್ಲ. ನಿಜವಾಗಿ ಎಳೆಯೋದು 1.8 ಕಿಲೋವ್ಯಾಟ್ ಅಂತ ಇಟ್ಟುಕೊಳ್ಳೋಣ. ಬೆಳಗ್ಗೆ 10ರಿಂದ ಸಂಜೆ 5ರವರೆಗೆ ಏಳು ಗಂಟೆಗೆ ಹನ್ನೆರಡೂವರೆ ಯೂನಿಟ್. ತಾರಸಿಯ 5 ಕಿಲೋವ್ಯಾಟ್ ಪ್ಯಾನೆಲ್ ಬಿಸಿಲಿನ ದಿನ 20 ಯೂನಿಟ್ ಕೊಡುತ್ತೆ. ಅಂದ್ರೆ ಹಗಲು ಹೊತ್ತು ಬ್ಯಾಟರಿ ಖಾಲಿ ಆಗೋದೇ ಅಪರೂಪ. ಸಂಜೆ 7ರಿಂದ 9ರವರೆಗೆ ಕರೆಂಟ್ ಹೋದರೆ ಬೇಕಾಗೋದು 4 ಯೂನಿಟ್. ಹತ್ತು ಅಂಗಡಿಗೆ 10 ಯೂನಿಟ್‌ನ ಒಂದು ಲಿಥಿಯಂ ಬ್ಯಾಟರಿ ಸಾಕಾಗುತ್ತೆ. ಮೋಡ ಕವಿದ ಆಷಾಢದ ದಿನಕ್ಕೂ ಸ್ವಲ್ಪ ಉಳಿಯುತ್ತೆ. ಹತ್ತು ಜನ ತಲಾ ಎರಡು ಟ್ಯೂಬುಲರ್ ಕೊಂಡಿದ್ದರೆ ಇಪ್ಪತ್ತು ಬ್ಯಾಟರಿ ಆಗ್ತಿತ್ತು. ಜೆರಾಕ್ಸ್, ಡೀಪ್ ಫ್ರೀಜರ್, ವೆಲ್ಡಿಂಗ್‌ನವರು ಈ ಗುಂಪಿಗೆ ಸೇರೋದು ಕಷ್ಟ, ಅವರ ಲೋಡ್ ಬೇರೆ.

ಆದರೆ ಪಕ್ಕದ ಅಂಗಡಿಗೆ ವೈರ್ ಎಳೆದು ಯೂನಿಟ್‌ಗೆ ಇಷ್ಟು ಅಂತ ಕರೆಂಟ್ ಮಾರೋ ಹಾಗಿಲ್ಲ. 2003ರ ವಿದ್ಯುತ್ ಕಾಯ್ದೆ ಪ್ರಕಾರ ವಿದ್ಯುತ್ ವಿತರಣೆಗೆ ಪರವಾನಗಿ ಬೇಕು. ದಾರಿ ಯಾವುದು ಅಂದ್ರೆ, ಎಷ್ಟೋ ಕಾಂಪ್ಲೆಕ್ಸ್‌ಗಳಲ್ಲಿ ಈಗಲೇ ಮಾಲೀಕರ ಜನರೇಟರ್ ಇದೆ. ಚೇಂಜ್‌ಓವರ್ ಸ್ವಿಚ್ ಇದೆ, ತಿಂಗಳ ಮೇಂಟೆನೆನ್ಸ್ ವಸೂಲಿ ಇದೆ. ಆ ಜನರೇಟರ್ ಜಾಗಕ್ಕೆ ಬ್ಯಾಟರಿ ಬಂತು ಅಂತ ತಿಳ್ಕೊಳ್ಳಿ. ವೈರಿಂಗ್ ಬಹುಪಾಲು ಅದೇ. ಕಾಂಪ್ಲೆಕ್ಸ್ ಒಳಗೇ ಮುಗಿಯೋ ಸಾಮಾನ್ಯ ಸೌಲಭ್ಯ ಅದು. ಆದರೂ ಕೆಲಸ ಶುರು ಮಾಡೋ ಮುಂಚೆ ಬೆಸ್ಕಾಂ ಉಪವಿಭಾಗದ ಎಇಇ ಕಚೇರಿಗೆ ನಕ್ಷೆ ತೋರಿಸಿ ಲಿಖಿತ ಒಪ್ಪಿಗೆ ಪಡೆಯೋದೇ ಕ್ಷೇಮ.

‘ವರ್ಚುವಲ್ ನೆಟ್ ಮೀಟರಿಂಗ್’ ಅನ್ನೋ ಮಾತೂ ಈಗ ಕೇಳಿಬರ್ತಿದೆ. ದೆಹಲಿಯಲ್ಲಿ 2019ರಲ್ಲೇ ಇದಕ್ಕೆ ಮಾರ್ಗಸೂಚಿ ಬಂತು. ಒಂದು ಕಡೆ ಸೋಲಾರ್ ಹಾಕಿ, ಅಲ್ಲಿ ಆದ ಯೂನಿಟ್‌ಗಳನ್ನು ಹಲವರ ಬಿಲ್‌ಗೆ ಹಂಚೋದು. ತಾರಸಿ ಇಲ್ಲದವರಿಗೆ ಒಳ್ಳೇ ಏರ್ಪಾಡು. ಆದರೆ ಇದು ಬಿಲ್ ಪುಸ್ತಕದ ಹಂಚಿಕೆ. ಲೈನಿನಲ್ಲಿ ಕರೆಂಟ್ ಹೋದರೆ ಎಲ್ಲರ ಅಂಗಡಿಯೂ ಕತ್ತಲೆಯೇ. ಬಡಾವಣೆ, ಅಪಾರ್ಟ್‌ಮೆಂಟ್ ಸಂಘಗಳಿಗೆ ಸೂರ್ಯ ಘರ್‌ನಲ್ಲೇ ಬೇರೆ ಸಬ್ಸಿಡಿ ಇದೆ: ನೀರಿನ ಪಂಪ್, ಮೆಟ್ಟಿಲ ದೀಪ, ಗಾಡಿ ಚಾರ್ಜಿಂಗ್‌ನಂಥ ಸಾಮಾನ್ಯ ಬಳಕೆಗೆ ಕಿಲೋವ್ಯಾಟ್‌ಗೆ 18 ಸಾವಿರ, ಮನೆಗೆ ಮೂರು ಕಿಲೋವ್ಯಾಟ್ ಲೆಕ್ಕದಲ್ಲಿ ಗರಿಷ್ಠ 500 ಕಿಲೋವ್ಯಾಟ್‌ವರೆಗೆ.

ಬೇರೆ ಕಡೆ ಏನಾಯ್ತು?

ಒಟ್ಟಾಗಿ ಬ್ಯಾಟರಿ ಬಳಸೋದು ಕರ್ನಾಟಕಕ್ಕೆ ಹೊಸದೇನಲ್ಲ. 1995ರಲ್ಲಿ ಶುರುವಾದ ಸೆಲ್ಕೋ ಸಂಸ್ಥೆ ತಳ್ಳುಗಾಡಿಯವರಿಗೆ ಮಾಡಿದ ಏರ್ಪಾಡು ಇದೇ ರೀತಿಯದ್ದು. ಒಬ್ಬ ಉದ್ಯಮಿ ಹಗಲಲ್ಲಿ ಸೋಲಾರ್‌ನಿಂದ ಹಲವು ಬ್ಯಾಟರಿ ಚಾರ್ಜ್ ಮಾಡ್ತಾನೆ, ಸಂಜೆ ದೀಪದ ಸಮೇತ ತಳ್ಳುಗಾಡಿಗಳಿಗೆ ಕೊಟ್ಟು ದಿನದ ಬಾಡಿಗೆ ತಗೋತಾನೆ. ತಿಂಗಳಿಗೆ ಒಮ್ಮೆಗೇ ಕಟ್ಟೋಕೆ ಆಗದವರು ದಿನಕ್ಕೆ ಇಷ್ಟು ಅಂತ ಕೊಡಬಲ್ಲರು. ಪೇಟೆ ಬೀದಿಯ ಲೆಕ್ಕ ಗೊತ್ತಿದ್ದವರ ಐಡಿಯಾ.

ಗುಜರಾತ್‌ನ ಮೆಹ್ಸಾಣಾ ಜಿಲ್ಲೆಯಲ್ಲಿ ಸೂರ್ಯ ದೇವಾಲಯ ಇರೋ ಮೊಢೇರಾ ಊರನ್ನು 2022ರ ಅಕ್ಟೋಬರ್ 9ರಂದು ದಿನದ 24 ಗಂಟೆಯೂ ಸೌರಶಕ್ತಿಯಲ್ಲಿ ನಡೆಯೋ ಮೊದಲ ಗ್ರಾಮ ಅಂತ ಘೋಷಿಸಿದರು. ಅಲ್ಲಿ ಒಂದು ಸಾವಿರಕ್ಕೂ ಹೆಚ್ಚು ಮನೆ, ಕಟ್ಟಡಗಳ ಮೇಲೆ ತಲಾ ಒಂದು ಕಿಲೋವ್ಯಾಟ್ ಪ್ಯಾನೆಲ್ ಇದೆ. ಹತ್ತಿರದಲ್ಲೇ 6 ಮೆಗಾವ್ಯಾಟ್ ಸೋಲಾರ್ ಘಟಕ, ಅದರ ಜೊತೆ 15 ಸಾವಿರ ಯೂನಿಟ್ ಹಿಡಿಯೋ ಬ್ಯಾಟರಿ ಇದೆ. ಮನೆಮನೆಗೆ ಬ್ಯಾಟರಿ ಕೊಡಲಿಲ್ಲ, ಊರಿಗೆ ಒಂದು ಇಟ್ಟರು. ಖರ್ಚು ಸರ್ಕಾರದ್ದು ಅನ್ನೋದನ್ನು ಮರೀಬಾರದು.

ಬಿಹಾರದ ಧರ್ನಾಯಿಯ ಕಥೆ ಬೇರೆ. 2014ರಲ್ಲಿ ಗ್ರೀನ್‌ಪೀಸ್ ಸಂಸ್ಥೆ ಅಲ್ಲಿ 100 ಕಿಲೋವ್ಯಾಟ್‌ನ ಮೈಕ್ರೋಗ್ರಿಡ್ ಮಾಡಿ ಸುಮಾರು 450 ಮನೆ, 50 ಅಂಗಡಿಗೆ ಕರೆಂಟ್ ಕೊಟ್ಟಿತು. ದೇಶವೆಲ್ಲ ಹೊಗಳಿದ್ದೇ ಹೊಗಳಿದ್ದು. ಆಮೇಲೆ ಅಗ್ಗದ ಸರ್ಕಾರಿ ಲೈನ್ ಬಂತು, ಜನ ಆ ಕಡೆ ಹೋದರು, ಸೋಲಾರ್ ಕರೆಂಟಿನ ವಸೂಲಿ ನಿಂತಿತು. ಬ್ಯಾಟರಿ ಕೆಟ್ಟಾಗ ಹೊಸದು ಹಾಕೋಕೆ ದುಡ್ಡಿರಲಿಲ್ಲ. ಕೆಲವೇ ವರ್ಷದಲ್ಲಿ ಘಟಕದ ಜಾಗ ದನದ ಕೊಟ್ಟಿಗೆಯಾಯ್ತು.

ನಮ್ಮ ಪೇಟೆಯ ಕಾಂಪ್ಲೆಕ್ಸ್‌ಗೆ ಧರ್ನಾಯಿಯಿಂದ ಕಲಿಯೋದು ಜಾಸ್ತಿ ಇದೆ. ಹಾಕೋ ದಿನ ಎಲ್ಲರೂ ಫೋಟೋಗೆ ನಿಲ್ತಾರೆ. ಏಳೆಂಟು ವರ್ಷ ಆದ ಮೇಲೆ ಬ್ಯಾಟರಿ ಬದಲಾಯಿಸೋ ದುಡ್ಡು ಯಾರದ್ದು? ಮಧ್ಯದಲ್ಲಿ ಒಬ್ಬರು ಮಳಿಗೆ ಖಾಲಿ ಮಾಡಿದರೆ ಅವರ ಪಾಲು ಹೊಸ ಬಾಡಿಗೆದಾರ ಕೊಡ್ತಾರಾ, ಮಾಲೀಕರು ಕೊಡ್ತಾರಾ? ಮಿತಿ ಮೀರಿ ಇಸ್ತ್ರಿ ಪೆಟ್ಟಿಗೆ ಹಾಕಿದವರಿಗೆ ಹೇಳೋರು ಯಾರು? ಬಾಡಿಗೆ ಕರಾರಿನಲ್ಲೇ ಇದನ್ನು ಬರೆಸಿಕೊಂಡು, ತಿಂಗಳಿಗೆ ಮಳಿಗೆಗೆ ಇಷ್ಟು ಅಂತ ಬೇರೆ ಖಾತೆಗೆ ಹಾಕ್ತಾ ಹೋಗಬೇಕು. ಪಿಗ್ಮಿ ಕಟ್ಟಿ ರೂಢಿ ಇರೋ ವ್ಯಾಪಾರಿಗಳಿಗೆ ಇದು ಹೇಳಿಕೊಡಬೇಕಾದ ವಿಷಯ ಅಲ್ಲ.

ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಪಕ್ಕದಲ್ಲೇ ಅಷ್ಟೊಂದು ಕರೆಂಟ್ ಆಗ್ತಿದ್ರೂ ನಮ್ಮ ಅಂಗಡಿಗೆ ಯಾಕಿಲ್ಲ ಅಂತ ಮಧುಗಿರಿ, ಶಿರಾ ಕಡೆಯವರು ಕೇಳೋದುಂಟು. ಅದು ದೊಡ್ಡ ಲೈನಿಗೆ ಸೇರಿ ರಾಜ್ಯಕ್ಕೆಲ್ಲ ಹಂಚಿಹೋಗೋ ಕರೆಂಟ್. ನಿಮ್ಮ ಬೀದಿಯ ಟಿಸಿ ಸುಟ್ಟರೆ, ತಂತಿ ಮೇಲೆ ಕೊಂಬೆ ಬಿದ್ದರೆ ಪಾವಗಡದ ಬಿಸಿಲು ಕೆಲಸಕ್ಕೆ ಬರೋಲ್ಲ.

ಹಾಕಿಸೋ ಮುಂಚೆ

ಮನೆಯವರು ಪಿಎಂ ಸೂರ್ಯ ಘರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಬೆಸ್ಕಾಂ ಬಿಲ್‌ನಲ್ಲಿರೋ ಖಾತೆ ಸಂಖ್ಯೆ ಬೇಕು. ಪಟ್ಟಿಯಲ್ಲಿ ನೋಂದಾಯಿತರಾದ ವೆಂಡರ್ ಕೈಲೇ ಕೆಲಸ ಮಾಡಿಸಬೇಕು. 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಪರಿಶೀಲನೆಗೆ ಕಾಯೋ ಅಗತ್ಯ ಇಲ್ಲ. ಮೂರು ಕಿಲೋವ್ಯಾಟ್‌ವರೆಗೆ 2 ಲಕ್ಷದ ತನಕ ಬ್ಯಾಂಕ್ ಸಾಲ ಅಡಮಾನ ಇಲ್ಲದೆ ಸಿಗುತ್ತೆ. ಬಿಲ್ ಇನ್ನೂ ತಾತನ ಹೆಸರಲ್ಲೇ ಇದ್ದರೆ ಮೊದಲು ಹೆಸರು ಬದಲಾಯಿಸಿಕೊಳ್ಳಿ, ಸಬ್ಸಿಡಿ ಬರೋ ಹೊತ್ತಿಗೆ ಬ್ಯಾಂಕ್ ಖಾತೆ ಹೆಸರು ತಾಳೆಯಾಗದೆ ಒದ್ದಾಡೋದು ತಪ್ಪುತ್ತೆ.

ಅಂಗಡಿಯವರು ಕೊಟೇಶನ್ ಕೈಗೆ ಬಂದಾಗ ಒಂದು ಪ್ರಶ್ನೆ ಕೇಳಿ, ಉತ್ತರ ಅದೇ ಕಾಗದದ ಮೇಲೆ ಬರೆಸಿಕೊಳ್ಳಿ: ‘ಕರೆಂಟ್ ಹೋದಾಗ ಇದರಿಂದ ನನ್ನ ಅಂಗಡಿಯಲ್ಲಿ ಯಾವ್ಯಾವುದು, ಎಷ್ಟು ಗಂಟೆ ನಡೆಯುತ್ತೆ?’ ಅರ್ಥಿಂಗ್, ಸಿಡಿಲು ನಿರೋಧಕ ಲೆಕ್ಕದಲ್ಲಿ ಸೇರಿದೆಯಾ ನೋಡಿ. ಹದಿನೈದು ದಿನಕ್ಕೊಮ್ಮೆ ಪ್ಯಾನೆಲ್ ಧೂಳು ತೊಳೆಯೋಕೆ ತಾರಸಿಗೆ ನೀರಿನ ಪೈಪ್ ಬೇಕು. ಬಿಸಿಲು ಏರೋ ಮುಂಚೆ ಬೆಳಗ್ಗೆಯೇ ತೊಳೀಬೇಕು, ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡೋ ಅಪಾಯ ಇರುತ್ತೆ.